ನಡುಸಮುದ್ರದಲ್ಲಿ ಕೂಗಿದ ಸೈರನ್

ಅರಬ್ಬಿ ಸಮುದ್ರದ ನಡುವೆ ನಮ್ಮ ಪ್ರವಾಸಿ ಹಡಗು ಭೋಂ ಎಂದು ಉದ್ದಕ್ಕೆ ಕೂಗಿತು. ಡೆಕ್ಕಿನಲ್ಲಿದ್ದವರೆಲ್ಲ ಮೊಬೈಲ್ ಎತ್ತಿಕೊಂಡು ನೀರಿನ ಕಡೆ ತಿರುಗಿದರೆ, ನನ್ನ ಯಜಮಾನರು ಮಾತ್ರ ತಟ್ಟನೆ ಕೈಗಡಿಯಾರ ನೋಡಿಕೊಂಡರು. ಎದುರು ಕುರ್ಚಿಯಲ್ಲಿ ಕಾಲು ಚಾಚಿ ಮಲಗಿದ್ದ ಬಿಳಿ ಮೀಸೆಯ ಅಪರಿಚಿತರೂ ಹಾಗೇ ಮಾಡಿದರು. ನಮ್ಮ ಕನ್ನಡ ಅವರ ಕಿವಿಗೆ ಮೊದಲೇ ಬಿದ್ದಿತ್ತೇನೋ.

“ಸೈರನ್ ಕೇಳಿದ್ ಕೂಡ್ಲೆ ವಾಚ್ ನೋಡ್ಕೊಂಡ್ರಲ್ಲ, ಭದ್ರಾವತಿಯವ್ರಾ ಸಾರ್?” ಎಂದರು.

“ನ್ಯೂ ಟೌನ್,” ಎಂದರು ನಮ್ಮವರು. “ನೀವು?”

“ಜನ್ನಾಪುರ ಮಾರಾಯ್ರೆ.”

ಎರಡೂ ಭದ್ರಾವತಿಯ ಬಡಾವಣೆಗಳೇ. ಇಬ್ಬರೂ ದುಡಿದದ್ದು ಆ ಊರಿನ ಉಕ್ಕಿನ ಕಾರ್ಖಾನೆಯಲ್ಲೇ, ಬೇರೆ ಬೇರೆ ಪಾಳಿಯಲ್ಲಿ. ಅಲ್ಲಿನ ಸೈರನ್ ಕೂಗಿದರೆ ಊರಿಡೀ ಗಡಿಯಾರ ಸರಿಮಾಡಿಕೊಳ್ಳುತ್ತಿತ್ತು. ನಿವೃತ್ತರಾಗಿ ಶಿವಮೊಗ್ಗದಲ್ಲಿ ಮನೆ ಮಾಡಿದ ಮೇಲೂ ನಮ್ಮವರಿಗೆ ಸುಮ್ಮನೆ ಕೂರುವುದು ಬಂದಿರಲಿಲ್ಲ. ಹಡಗು ಹತ್ತಿದಾಗಿನಿಂದಲೂ “ಎಷ್ಟೂಂತ ತಿಂದು ಮಲಗೋದು ಮಾರಾಯ್ತಿ?” ಎಂದು ಗೊಣಗುತ್ತ ಡೆಕ್ಕಿನ ಉದ್ದಗಲ ಅಳೆಯುತ್ತಿದ್ದರು. ಅಂದು ಆ ಕುರ್ಚಿಯ ಪಕ್ಕದಲ್ಲಿ ಕೂತವರು ಸೂರ್ಯ ಮುಳುಗಿದರೂ ಏಳಲಿಲ್ಲ. ತರಿಸಿದ ಕಾಫಿ ಮುಟ್ಟುವವರಿಲ್ಲದೆ ತಣ್ಣಗಾಯಿತು. ಮರುದಿನ ಇಬ್ಬರೂ ಹುಡುಗರ ಹಾಗೆ ಈಜುಕೊಳಕ್ಕೂ ಇಳಿದರು.

ಬಂದರು ಹತ್ತಿರವಾದಾಗ ಹಡಗು ಮತ್ತೆ ಕೂಗಿತು. ಅಭ್ಯಾಸದಂತೆ ಇಬ್ಬರೂ ಕೈ ಎತ್ತಿ ನೋಡಿಕೊಂಡರು, ನೋಡಿ ನಕ್ಕರು. ನಮ್ಮವರ ಕೈ ಬರಿದಾಗಿತ್ತು. ಈಜಲು ಇಳಿಯುವಾಗ ಬಿಚ್ಚಿಕೊಟ್ಟ ವಾಚು ನನ್ನ ಬ್ಯಾಗಿನಲ್ಲೇ ಉಳಿದಿತ್ತು. ಊರಿಗೆ ಬಂದು ವಾರವಾಯಿತು, ಅವರು ಇನ್ನೂ ಅದನ್ನು ಕೇಳಿಲ್ಲ.