ರುಕ್ಮಕ್ಕನ ಕಿಟಕಿ ಮತ್ತು ನನ್ನ ಮೂಗು

ಮೂಗಿನ ವಿಷಯದಲ್ಲಿ ನಮ್ಮ ಹಳೆಯ ಕವಿಗಳು ನನಗೆ ನಿರಾಸೆ ಮಾಡಿದ್ದಾರೆ. ಸಂಪಿಗೆಯ ಮೊಗ್ಗು, ಎಳ್ಳಿನ ಹೂವು ಎಂದು ಅದರ ಆಕಾರವನ್ನು ಹೊಗಳಿ ಸುಸ್ತಾದರೇ ಹೊರತು, ಆ ಸಂಪಿಗೆಗೆ ಒಲೆಯ ಮೇಲೆ ಹಾಲು ಸೀಯುತ್ತಿರುವುದು ಗೊತ್ತಾಗುತ್ತದೆಯೇ ಎಂದು ಒಬ್ಬರೂ ವಿಚಾರಿಸಲಿಲ್ಲ. ನನ್ನ ಮೂಗು ಸಂಪಿಗೆಯ ಜಾತಿಯದ್ದಲ್ಲ, ನಮ್ಮ ಗುಡ್ಡಗಳಲ್ಲಿ ಸಿಗುವ ಗೇರುಹಣ್ಣಿನ ಜಾತಿಯದ್ದು. ಕೆಲಸದಿಂದಂತೂ ಅದು ನನಗೆ ಮೂವತ್ತು ತುಂಬುವ ಮೊದಲೇ ನಿವೃತ್ತಿ ಪಡೆದಿತ್ತು. ಕಾರಣ ನಸ್ಯ. ಇಂಥ ಮೂಗನ್ನು ಇಟ್ಟುಕೊಂಡು ನಾನು ಬಂಟ್ವಾಳ ಪೇಟೆಯಲ್ಲಿ ಕಾಫಿ ಹುರಿಯುವ ಅಂಗಡಿ ತೆರೆದೆ ಎಂದರೆ ನೀವು ನಗುತ್ತೀರಿ. ನಗಿ, ನನಗೇನೂ ಬೇಸರವಿಲ್ಲ. ಆಗ ನಗಲು ನನಗೆ ಪುರುಸೊತ್ತಿರಲಿಲ್ಲ, ಅಷ್ಟೆ.

ಘಟ್ಟದ ಮೇಲಿನವರೂ ಕೆಳಗಿನ ನಾವೂ ಇನ್ನು ಒಂದೇ ರಾಜ್ಯದವರು ಎಂದು ಸರಕಾರ ಸಾರಿದ ಹೊಸತು ಅದು. ಕಾಫಿಬೀಜ ಮಾತ್ರ ಸರಕಾರಕ್ಕೆ ಕಾಯದೆ ಬಹಳ ಹಿಂದೆಯೇ ಚಾರ್ಮಾಡಿ ಇಳಿದು ಬಂದಿತ್ತು. ಅರಬರ ನಾಡಿನಿಂದ ಏಳು ಬೀಜ ಬಚ್ಚಿಟ್ಟು ತಂದ ಸಂತನ ಕಥೆ ನಿಮಗೂ ಗೊತ್ತು. ಬಿತ್ತುವ ಕೆಲಸವನ್ನು ಘಟ್ಟದ ಮೇಲೆ ಮುಗಿಸಿ, ಹುರಿಯುವುದನ್ನು ಆತ ನನಗೆಂದೇ ಬಿಟ್ಟಿದ್ದಾನೆಂದು ನಾನು ನಂಬಿದೆ. ಮುಂಡಾಜೆಯಲ್ಲಿ ಅಣ್ಣನ ಜೊತೆ ಬೇಸಾಯ ಮಾಡಿಕೊಂಡಿದ್ದವನು, ಚಿಕೋರಿ ಬೆರೆಸದ, ಹದವರಿತು ಹುರಿದ ಕಾಫಿ ಹುಡಿ ಎಂದರೇನೆಂದು ಲೋಕಕ್ಕೆ ತೋರಿಸುತ್ತೇನೆಂದು ಹೊರಟುಬಂದೆ. ಅಣ್ಣ ತಡೆಯಲಿಲ್ಲ. ಸಾಕಾದಾಗ ಬಾ, ಹಟ್ಟಿಯ ದನ ನೋಡಿಕೊಳ್ಳಲು ಹೇಗೂ ಒಬ್ಬ ಬೇಕು ಎಂದ. ಬೈದಿದ್ದರೆ ಎಷ್ಟೋ ವಾಸಿಯಿತ್ತು.

ತೆಂಗಿನ ಗೆರಟೆಯ ಇದ್ದಲಿನ ಮೇಲೆ ತಗಡಿನ ಡ್ರಮ್ಮು, ಅದಕ್ಕೊಂದು ಹಿಡಿ. ಬೀಜ ತುಂಬಿ ತಿರುಗಿಸುತ್ತಾ ಇರಬೇಕು. ಮೊದಲು ಒದ್ದೆ ಬೈಹುಲ್ಲಿನ ವಾಸನೆ, ಆಮೇಲೆ ಹುರಿಗಡಲೆಯದ್ದು, ಆಮೇಲೆ ಒಂದೇ ಒಂದು ಗಳಿಗೆ ಕಾಫಿಯದ್ದು, ಅದು ತಪ್ಪಿತೋ ಸುಟ್ಟದ್ದು. ಇದೆಲ್ಲ ನಾನು ಬೇರೆಯವರಿಂದ ಕೇಳಿ ತಿಳಿದದ್ದು. ಬಣ್ಣ ನೋಡೋಣವೆಂದರೆ ಹೊಗೆಯಲ್ಲಿ ಎಲ್ಲವೂ ಒಂದೇ ಬಣ್ಣ. ಹೆಂಡತಿ ಸಾವಿತ್ರಿಯನ್ನು ಕೇಳಬಹುದಿತ್ತು. ಆದರೆ ನಸ್ಯದಿಂದ ಮೂಗು ಚುರುಕಾಗುತ್ತದೆಂದು ಮದುವೆಯಾದ ವರ್ಷವೇ ಅವಳೆದುರು ವಾದಿಸಿ ಗೆದ್ದಿದ್ದೆ. ಗೆದ್ದ ವಾದವನ್ನು ಹಿಂದಕ್ಕೆ ತೆಗೆದುಕೊಳ್ಳುವ ಗಂಡಸನ್ನು ನೀವು ಕಂಡಿದ್ದರೆ ನನಗೂ ತೋರಿಸಿ.

ನನ್ನನ್ನು ಕಾಪಾಡಿದವರು ರುಕ್ಮಕ್ಕ. ಅಂಗಡಿಯ ಹಿಂದಿನ ಓಣಿಯಾಚೆ, ಮಾಳಿಗೆಯಲ್ಲಿ ಅವರ ವಾಸ. ಗಂಡ ತೀರಿಹೋಗಿದ್ದರು, ಒಬ್ಬನೇ ಮಗ ಬೊಂಬಾಯಿಯಲ್ಲಿ ಹೋಟೆಲಿಟ್ಟಿದ್ದ. ಕಾಫಿಯೆಂದರೆ ರುಕ್ಮಕ್ಕನಿಗೆ ಆಗದು. ಕಾಫಿ ಪಿತ್ತ ಕೆದರುತ್ತದೆ, ರಕ್ತ ಒಣಗಿಸುತ್ತದೆ, ಕುಡಿಯುವುದಿದ್ದರೆ ಕೊತ್ತಂಬರಿ ಜೀರಿಗೆಯ ಕಷಾಯ ಕುಡಿಯಿರಿ ಎಂದು ಮಾಳಿಗೆಯಿಂದಲೇ ನನ್ನ ಗಿರಾಕಿಗಳಿಗೆ ಉಪದೇಶ ಮಾಡುತ್ತಿದ್ದರು. ನಾನು ಹುರಿಯಲು ಕೂತರೆ ಅವರು ಕಿಟಕಿಯಲ್ಲಿ ಬಂದು ಕೂರುವುದು, ಸ್ವಲ್ಪ ಹೊತ್ತಿಗೆ ರಪ್ಪನೆ ಕಿಟಕಿ ಮುಚ್ಚುವುದು. ಒಂದು ದಿನ ಆ ಸದ್ದಿಗೆ ಬೆಚ್ಚಿ, ಸಿಟ್ಟಿನಲ್ಲಿ ಡ್ರಮ್ಮು ಇಳಿಸಿಬಿಟ್ಟೆ. ಅವತ್ತಿನ ಕಾಫಿಯನ್ನು ಪೇಟೆಯೇ ಹೊಗಳಿತು. ಮರುದಿನ ಬೇಕೆಂದೇ ಕಿಟಕಿಗೆ ಕಾದೆ. ಮತ್ತೆ ಹೊಗಳಿದರು.

ಹೊಗೆ ಕಂಡರೆ ಬೆಂಕಿ ಉಂಟೆಂದು ತಿಳಿಯಬಹುದೆಂದು ನಮ್ಮ ತರ್ಕಶಾಸ್ತ್ರದವರು ಬಹಳ ತಲೆ ಕೆಡಿಸಿಕೊಂಡು ಸ್ಥಾಪಿಸಿದ್ದಾರೆ. ಕಿಟಕಿ ಮುಚ್ಚಿದರೆ ಕಾಫಿ ಹದವಾಯಿತೆಂದು ತಿಳಿಯಬಹುದೆಂಬುದು ನನ್ನ ಸೇರ್ಪಡೆ. ವಾಸನೆ ಹೆಚ್ಚಿದಷ್ಟೂ ವೈರಿಗೆ ಅಸಹ್ಯ ಹೆಚ್ಚುವುದು ಸಹಜವಷ್ಟೆ? ಹೀಗೆ ವರ್ಷಗಟ್ಟಲೆ ರುಕ್ಮಕ್ಕ ಮುಚ್ಚಿದರು, ನಾನು ಇಳಿಸಿದೆ, ಹೆಸರು ನನ್ನ ಮೂಗಿಗೆ ಬಂತು. ಮಳೆಗಾಲದಲ್ಲಿ ಮಾತ್ರ ಅವರ ಕಿಟಕಿ ಹೇಗೂ ಮುಚ್ಚಿರುತ್ತಿತ್ತು. ಆಗ ಕಾಫಿ ಕಹಿಯೆಂದು ಯಾರಾದರೂ ಹೇಳಿದರೆ, ನೇತ್ರಾವತಿಯ ಹೊಸನೀರಿನ ದೋಷವೆನ್ನುತ್ತಿದ್ದೆ. ನದಿ ಬಂದು ಸಾಕ್ಷಿ ಹೇಳುವುದಿಲ್ಲ.

ಆ ಹೆಸರು ಮೂಡುಬಿದಿರೆಯವರೆಗೂ ಹೋಯಿತು. ಅಲ್ಲಿನ ದೊಡ್ಡ ಮನೆಯೊಂದರ ಯಜಮಾನರು ಮಗಳ ಮದುವೆಗೆ ಕಾಫಿ ಹುಡಿ ಹೇಳಲು ತಾವೇ ಬಂದರು. ಮಾತಾಡುವಾಗೆಲ್ಲ ನನ್ನ ಮೂಗನ್ನೇ ನೋಡುತ್ತಿದ್ದರು, ಭಕ್ತಿಯಿಂದ. ಬೆಳ್ತಂಗಡಿಯ ಹೋಟೆಲಿನವರೆಲ್ಲ ಆ ಮದುವೆಗೆ ಬರುವವರು. ಅವರಿಗೆ ರುಚಿಸಿದರೆ ನನ್ನ ಅಂಗಡಿ ಬದುಕಿತು. ಸುಟ್ಟ ಕಾಫಿ ಹೋದರೆ ಮಾತ್ರ ನನಗೆ ಅಣ್ಣನ ಹಟ್ಟಿಯೇ ಗತಿ, ಏಕೆಂದರೆ ಚಿಲ್ಲರೆ ವ್ಯಾಪಾರದಲ್ಲಿ ಅಂಗಡಿ ಆಗಲೇ ಕುಂಟುತ್ತಿತ್ತು. ಘಟ್ಟದಿಂದ ಬೀಜ ತರಿಸಿದೆ. ನನ್ನನ್ನು ನಾನು ಬಲ್ಲವನಾದ್ದರಿಂದ ಒಂದು ಡ್ರಮ್ಮಿನಷ್ಟು ಹೆಚ್ಚಿಗೆಯೇ ತರಿಸಿದ್ದೆ.

ಹುರಿಯುವ ದಿನ ಡ್ರಮ್ಮು ಏರಿಸಿ ಕಿಟಕಿ ನೋಡಿದೆ. ರುಕ್ಮಕ್ಕ ಕೂತಿದ್ದರು. ಸಮಾಧಾನವಾಯಿತು. ತಿರುಗಿಸಿದೆ. ಅವರು ಕೂತೇ ಇದ್ದರು. ಇನ್ನೂ ತಿರುಗಿಸಿದೆ. ಅವರು ಬೀದಿ ನೋಡಿಕೊಂಡು ಸುಮ್ಮನೆ ನಗುತ್ತಿದ್ದರು. ಹೊಗೆ ದಪ್ಪವಾಯಿತು, ನನ್ನ ಕಣ್ಣಲ್ಲಿ ನೀರು ಬಂತು, ಕಿಟಕಿ ಮಾತ್ರ ಅಲ್ಲಾಡಲಿಲ್ಲ. ಕೊನೆಗೆ ಪಕ್ಕದ ಜವಳಿ ಅಂಗಡಿಯವರು ಕೊಡಪಾನದಲ್ಲಿ ನೀರು ಹಿಡಿದುಕೊಂಡು ಓಡಿಬಂದರು. ಡ್ರಮ್ಮಿನೊಳಗೆ ನೋಡಿದರೆ ಬೀಜಕ್ಕೂ ಇದ್ದಲಿಗೂ ವ್ಯತ್ಯಾಸ ಉಳಿದಿರಲಿಲ್ಲ.

ನನಗೆ ಭಯಂಕರ ಸಿಟ್ಟು ಬಂತು. ಓಣಿ ದಾಟಿ, ಮೆಟ್ಟಿಲು ಹತ್ತಿ, "ಏನು ರುಕ್ಮಕ್ಕ, ಇವತ್ತು ಯಾಕೆ ಕಿಟಕಿ ಮುಚ್ಚಲಿಲ್ಲ ನೀವು?" ಎಂದು ಕೇಳಿದೆ. ಕಿಟಕಿ ಮುಚ್ಚಿದರೆಂದು ಜಗಳ ಆಡಿದವರು ಪೇಟೆಯಲ್ಲಿ ಇದ್ದಾರು, ಮುಚ್ಚಲಿಲ್ಲವೆಂದು ಆಡಿದವನು ನಾನೊಬ್ಬನೇ ಇರಬೇಕು. ಹೇಳಿ ಮುಗಿಸುವಾಗ ಕಂಡಿತು, ರುಕ್ಮಕ್ಕನ ಕೈಯಲ್ಲಿ ಒಂದು ಲೋಟ ಕಾಫಿ. ಪಕ್ಕದಲ್ಲಿ ಚೆಂಬು ಹಿಡಿದು ನಿಂತವಳು ನನ್ನ ಸಾವಿತ್ರಿ.

"ಕೂತ್ಕೊಳ್ಳಿ ಭಟ್ರೇ. ಬೊಂಬಾಯಿಯಿಂದ ಬೆಳಿಗ್ಗೆ ತಂತಿ ಬಂತು. ಮಗನಿಗೆ ಗಂಡು ಮಗು" ಎಂದರು ರುಕ್ಮಕ್ಕ. ಮೊಮ್ಮಗುವಿನ ಸುದ್ದಿ ಬರುವ ತನಕ ಕಾಫಿ ಮುಟ್ಟುವುದಿಲ್ಲವೆಂದು ಅವರು ದೇವರಿಗೆ ಹೇಳಿಕೊಂಡಿದ್ದರಂತೆ. ಅದಕ್ಕೆ ಮೊದಲು ದಿನಕ್ಕೆ ಮೂರು ಸಲ ಕುಡಿಯುತ್ತಿದ್ದವರು. ಹರಕೆಯ ವಿಷಯ ಬಾಯಿಬಿಟ್ಟರೆ ಯಾರಾದರೂ ಕನಿಕರದಿಂದ ಕರೆದು ಕೊಟ್ಟಾರು, ತನ್ನ ಮನಸ್ಸು ಸೋತೀತು ಎಂಬ ಹೆದರಿಕೆಗೆ ಕಾಫಿಯನ್ನು ಊರಿಗೆಲ್ಲ ಕೇಳುವಂತೆ ಬೈಯುತ್ತಿದ್ದರು.

"ಹಾಗಾದ್ರೆ ಕಿಟಕಿ?" ಎಂದೆ.

"ಒಳ್ಳೆ ಪರಿಮಳ ಬರುವ ಹೊತ್ತಿಗೆ ಮುಚ್ಚುತ್ತಿದ್ದೆ. ಹೊರಗೆ ಹೋಗ್ಬಾರ್ದಲ್ಲ. ಮುಚ್ಚಿದ್ರೆ ಸಂಜೆ ತನಕ ಕೋಣೆಯಲ್ಲೇ ಇರ್ತದೆ. ಇವತ್ತು ಲೋಟವೇ ಕೈಯಲ್ಲಿ ಉಂಟಲ್ಲ, ಮತ್ತೆ ಮುಚ್ಚುವುದು ಯಾಕೆ? ಕುಡಿಯುವುದಿಲ್ಲ ಅಂತ ಹರಕೆ ಹೇಳಿದ್ದು ಭಟ್ರೇ, ಮೂಸುವುದಿಲ್ಲ ಅಂತ ಹೇಳ್ಲಿಲ್ಲ."

ನಾನು ಕೂತೆ. ಇಷ್ಟು ವರ್ಷ ನಾನು ವೈರಿಯೆಂದು ತಿಳಿದಿದ್ದ ಈ ಹೆಂಗಸಿನಷ್ಟು ನನ್ನ ಕಾಫಿಯನ್ನು ಪ್ರೀತಿಸಿದವರು ಯಾರೂ ಇರಲಿಲ್ಲ. ಕಣ್ಣೊರೆಸಿಕೊಂಡೆ. ಹೊಗೆಯಿಂದ ಎಂದೆ. ಆಮೇಲೆ ಮೂಗಿನ ಸಂಗತಿಯನ್ನೂ ಹೇಳಲೇಬೇಕಾಯಿತು. ಸಾವಿತ್ರಿಯ ಮುಖ ನೋಡುವ ಧೈರ್ಯವಾಗಲಿಲ್ಲ.

"ನನಗೆ ಮೊದಲೇ ಗೊತ್ತುಂಟು. ಸೀದ ಹಾಲನ್ನು ಚೆನ್ನಾಗಿ ಉಂಟು ಅಂತ ಕುಡಿದವರಲ್ವಾ ನೀವು" ಎಂದಳು ಅವಳು, ಚೆಂಬಿನಲ್ಲಿ ಉಳಿದದ್ದನ್ನು ನನಗೆ ಬಗ್ಗಿಸುತ್ತಾ.

ಉಳಿದ ಬೀಜವನ್ನು ರುಕ್ಮಕ್ಕ ನನ್ನ ಹಿಂಬಾಗಿಲಲ್ಲಿ ಮಣೆ ಹಾಕಿ ಕೂತು ಹುರಿಸಿದರು. ಮೂಡುಬಿದಿರೆಯಲ್ಲಿ ಊಟಕ್ಕಿಂತ ಕಾಫಿಯ ಮಾತೇ ಹೆಚ್ಚಾಯಿತಂತೆ. ಬೆಳ್ತಂಗಡಿಯ ಹೋಟೆಲಿನವರು ಒಬ್ಬೊಬ್ಬರಾಗಿ ಬಂದು ನನ್ನ ಮೂಗಿನ ದರ್ಶನ ಪಡೆದು ಹೋದರು. ಅಣ್ಣ ಹಟ್ಟಿಗೆ ಬೇರೆ ಜನ ನೋಡಿಕೊಂಡ.

ಆಮೇಲೆ ನಮ್ಮಲ್ಲಿ ಒಂದು ಒಪ್ಪಂದವಾಯಿತು. ರುಕ್ಮಕ್ಕನಿಗೆ ಬೇಕಾದಷ್ಟು ಕಾಫಿ ಹುಡಿ ನನ್ನದು, ಹದ ಬಂದಾಗ ಕಿಟಕಿ ಮುಚ್ಚುವ ಹೊಣೆ ಅವರದು. ಲೋಟ ಬದಿಗಿಟ್ಟು, ನನಗೆ ಕೇಳಲಿ ಎಂದು ಮೊದಲಿಗಿಂತಲೂ ಜೋರಾಗಿ ಮುಚ್ಚುತ್ತಿದ್ದರು. ಅಂಗಡಿಯಲ್ಲಿದ್ದ ಗಿರಾಕಿಗಳು ಬೆಚ್ಚಿಬಿದ್ದು, ಇಷ್ಟು ವರ್ಷವಾದರೂ ಆಯಮ್ಮನ ಸಿಟ್ಟು ಇಳಿಯಲಿಲ್ಲವಲ್ಲ ಭಟ್ರೇ ಎಂದು ಮರುಕಪಡುತ್ತಿದ್ದರು. ಇಳಿಯದೆ ಇರಲಿ ಎಂದೇ ದೇವರಲ್ಲಿ ಕೇಳಿಕೊಳ್ಳುತ್ತೇನೆ ಎಂದು ಹೇಳಿ ನಾನು ಡ್ರಮ್ಮು ಇಳಿಸುತ್ತಿದ್ದೆ.