ಹೊಕ್ಕುಳ ಒಣಗದ ತಾಟೆ

"ಕಾಪುವಿಗೆ ಹೋಗಿ ತಾಟೆ ತನ್ನಿ. ಸಣ್ಣದೇ ಬೇಕು."

ಕಳೆದ ಭಾನುವಾರ ಬೆಳಿಗ್ಗೆ ನನ್ನ ಅತ್ತೆ, ಅಂದರೆ ಹೆಂಡತಿಯ ತಾಯಿ, ಹೊರಡಿಸಿದ ಆಜ್ಞೆ ಇದು.

ತಾಟೆ ಎಂದರೆ ಶಾರ್ಕ್. ನಮ್ಮ ಕಡೆ ಬಾಣಂತಿಗೆ ಹಾಲು ಕಡಿಮೆಯಾದರೆ ಡಾಕ್ಟರಿಗಿಂತ ಮೊದಲು ನೆನಪಾಗುವುದು ಈ ಮೀನು. ಮಣಿಪಾಲದಲ್ಲಿ ಹೆರಿಗೆಯಾಗಿ ಉದ್ಯಾವರದ ನಮ್ಮ ಮನೆಗೆ ಬಂದ ಮಗಳಿಗೆ ಹಾಲು ಸಾಲುತ್ತಿರಲಿಲ್ಲ. ಹನ್ನೆರಡು ದಿನದ ಮೊಮ್ಮಗಳು ಹಸಿದು ಅತ್ತು ಅತ್ತು ಕೆಂಪಾಗುತ್ತಿದ್ದಳು. ನನಗೆ ನಿಜಕ್ಕೂ ಹೆದರಿಕೆಯಾಗಿತ್ತು. (ಹೆದರಿದ ಅಜ್ಜ ಯಾವ ಕೆಲಸ ಹೇಳಿದರೂ ಮಾಡುತ್ತಾನೆ.)

ಕಾಪುವಿನಲ್ಲಿ ಮೀನು ಮಾರುವ ಹೆಂಗಸು ಬುಟ್ಟಿಯ ತಳದಿಂದ ಗೇಣುದ್ದದ ನಾಲ್ಕು ತಾಟೆ ತೆಗೆದಿಟ್ಟರು.

"ಇಷ್ಟು ಸಣ್ಣದಾ ಅಕ್ಕಾ?"

"ದೊಡ್ಡದು ಈಗ ಎಲ್ಲುಂಟು ಮಾರಾಯ್ರೆ? ಇದು ಕೂಡ ನಾಳೆ ಸಿಗ್ತದೆ ಅಂತ ಹೇಳ್ಲಿಕ್ಕೆ ಆಗುದಿಲ್ಲ."

ಯುದ್ಧ ಗೆದ್ದವನಂತೆ ಮನೆಗೆ ಬಂದೆ. ಆದರೆ ಮಗಳು ಕಾರ್ಕಳದ ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಪಾಠ ಮಾಡುವವಳು. ಮೀನು ನೋಡಿದ್ದೇ ತಡ, ಅಡುಗೆಮನೆಯೇ ಕ್ಲಾಸ್‌ರೂಮ್ ಆಯಿತು.

"ಅಪ್ಪ, ಭೂಮಿಯಲ್ಲಿ ಮರ ಹುಟ್ಟುವ ಮೊದಲೇ ಸಮುದ್ರದಲ್ಲಿದ್ದ ವಂಶ ಇದು. ಡೈನೋಸಾರ್ ಹೋಯಿತು, ಇವು ಉಳಿದವು."

"ಮತ್ತೆ ಚಿಂತೆ ಎಂತದ್ದು?" ಅಂದರು ಅತ್ತೆ. "ಅಷ್ಟು ಹಳೇ ಕುಲ, ನಾವು ನಾಲ್ಕು ತಿಂದರೆ ಮುಗೀತದಾ?"

ನಗಬೇಡಿ. ಇದು ನಮ್ಮೆಲ್ಲರ ತರ್ಕ. ಹಳೆಯದು ಎಂದರೆ ಗಟ್ಟಿ. ಹಳೇ ಹೋಟೆಲಿನ ಸಾಂಬಾರು ಹಳಸಿದ್ದರೂ ಅದು ಅಲ್ಲಿನ ವಿಶೇಷ ರುಚಿ ಎಂದು ಚಪ್ಪರಿಸುವವರು ನಾವು.

ಮಗಳ ಪ್ರಕಾರ ವಿಜ್ಞಾನಿಗಳ ನಡುವೆಯೇ ಇದು ಇತ್ಯರ್ಥವಾಗಿಲ್ಲ. ಹೊಸದಾಗಿ ಹುಟ್ಟಿದ ಜೀವಜಾತಿಯ ಸಂಖ್ಯೆ ಕಡಿಮೆ, ನೆಲೆ ಚಿಕ್ಕದು, ಹಾಗಾಗಿ ಅಳಿಯುವ ಅಪಾಯ ಅದಕ್ಕೇ ಹೆಚ್ಚು ಎನ್ನುವವರಿದ್ದಾರೆ. ವಯಸ್ಸಿಗೂ ಅಳಿವಿಗೂ ಸಂಬಂಧವೇ ಇಲ್ಲ ಎನ್ನುವವರೂ ಇದ್ದಾರೆ.

"ಆದರೆ ಅಜ್ಜಿ, ಟ್ರಾಲರ್ ಬಲೆ ಹೊಸದಲ್ವಾ? ಅದು ವಯಸ್ಸು ಕೇಳುದಿಲ್ಲ. ತಾಟೆ ಬೆಳೆದು ಮರಿ ಹಾಕ್ಲಿಕ್ಕೆ ವರ್ಷಗಟ್ಟಲೆ ಬೇಕು. ಹಾಕುವ ಮರಿಯೂ ಕಡಿಮೆ."

ಆಮೇಲೆ ಅವಳು ಒಂದನ್ನು ಮಗುಚಿ ಹೊಟ್ಟೆ ತೋರಿಸಿದಳು. ಅಲ್ಲೊಂದು ಸಣ್ಣ ಸೀಳು.

"ಇದು ಹೊಕ್ಕುಳ. ಇನ್ನೂ ಒಣಗಿಲ್ಲ. ಹುಟ್ಟಿ ಕೆಲವು ದಿನ ಆಗಿರಬೇಕಷ್ಟೆ."

ನಮ್ಮ ಕೂಸಿನ ಹೊಕ್ಕುಳಬಳ್ಳಿ ಬಿದ್ದು ನಾಲ್ಕು ದಿನವಾಗಿತ್ತು. ನನಗೆ ನಾಚಿಕೆಯಾಯಿತು. ಅತ್ತೆಯೂ ತೊಟ್ಟಿಲ ಕಡೆ ಒಮ್ಮೆ ನೋಡಿದರು.

"ಸತ್ತದ್ದು ಸತ್ತಾಯ್ತಲ್ಲ," ಎಂದವರೇ ಕಾಳುಮೆಣಸು, ಬೆಳ್ಳುಳ್ಳಿ ಅರೆಯಲು ಹೋದರು.

ಮಗಳು ಮುಟ್ಟಲಿಲ್ಲ. ಅತ್ತೆಗೆ ಬೇಸರವಾಗಬಾರದೆಂದು ಅವಳ ತಟ್ಟೆಯನ್ನು ಗುಟ್ಟಾಗಿ ನಾನೇ ಖಾಲಿ ಮಾಡಿದೆ. (ನಾಚಿಕೆ ಇತ್ತು. ರುಚಿಯೂ ಇತ್ತು.)

ಆಸ್ಪತ್ರೆಯ ನರ್ಸ್ ಹೇಳಿಕೊಟ್ಟಂತೆ ಮಗಳು ಮಗುವಿಗೆ ಮತ್ತೆ ಮತ್ತೆ ಹಾಲೂಡಿಸಿದಳು, ನೀರು ಕುಡಿದಳು, ಸಿಕ್ಕಿದಾಗೆಲ್ಲ ಮಲಗಿದಳು. ಬುಧವಾರದ ಹೊತ್ತಿಗೆ ಹಾಲು ಹೆಚ್ಚಿತು. ಮೊಮ್ಮಗಳು ಹೊಟ್ಟೆ ತುಂಬಿ ನಿದ್ದೆ ಹೋದಾಗ ನನ್ನ ಕಣ್ಣು ಒದ್ದೆಯಾಯಿತು.

ಅಷ್ಟರಲ್ಲಿ ಅತ್ತೆ ಪೆರ್ಡೂರಿನ ತಂಗಿಗೆ ಫೋನ್ ಮಾಡಿಯಾಗಿತ್ತು. "ನಾಲ್ಕೇ ತಾಟೆ ಕೊಟ್ಟದ್ದು ನೋಡು. ಈಗ ಹಾಲೇ ಹಾಲು." ಆ ತಂಗಿಯ ಬಾಣಂತಿ ಸೊಸೆಗೂ ಈಗ ತಾಟೆ ಬೇಕಂತೆ. ಸಣ್ಣದೇ ಬೇಕಂತೆ.

ತಿಂದವನು ನಾನು, ಹಾಲು ಬಂದದ್ದು ಮಗಳಿಗೆ. ಇಂಥ ನಂಬಿಕೆಯನ್ನು ಹಿಡಿಯುವ ಬಲೆ ಯಾವ ಟ್ರಾಲರಿನಲ್ಲಿದೆ?