ಪೇಪ್ರು ನಂಬದ ಹೊನ್ನಮ್ಮ

ಹಾಲ್ಕುರಿಕೆಯ ಹೊನ್ನಮ್ಮನವರು ಪತ್ರಿಕೆಯನ್ನು ಕೊನೆಯ ಪುಟದ ಕೊನೆಯ ಸಾಲಿನಿಂದ ಓದಲು ಶುರುಮಾಡುತ್ತಿದ್ದರು. ಮುದ್ರಕರು ಯಾರು, ಸಂಪಾದಕರು ಯಾರು ಎಂಬ ಆ ಸಣ್ಣಕ್ಷರದ ಸಾಲನ್ನು ಪ್ರತಿ ಸಲವೂ ಬೆರಳಿಟ್ಟು ಓದಿ, ಹೆಸರುಗಳು ಬದಲಾಗಿಲ್ಲವೆಂದು ಖಾತ್ರಿ ಮಾಡಿಕೊಂಡ ಮೇಲೆಯೇ ಮೇಲಿನ ಸುದ್ದಿಗೆ ಹೋಗುತ್ತಿದ್ದುದು. “ಯಾರು ಹೇಳ್ತಾವ್ರೆ ಅಂತ ಗೊತ್ತಿಲ್ದೆ, ಏನು ಹೇಳ್ತಾವ್ರೆ ಅಂತ ಕೇಳಕಾಯ್ತದೇನಪ್ಪ?” ಎನ್ನುತ್ತಿದ್ದರು.

ಎಪ್ಪತ್ತರ ದಶಕದಲ್ಲಿ ನಾನು ತಿಪಟೂರಿನ ಆ ಪಾಕ್ಷಿಕದ ಪ್ರೆಸ್ಸಿನಲ್ಲಿ ಪ್ರೂಫ್ ನೋಡುತ್ತಿದ್ದೆ. ನಮ್ಮ ಸಂಪಾದಕರ ತಂದೆ ಸ್ವಾತಂತ್ರ್ಯಕ್ಕೂ ಮುಂಚೆ ಶುರುಮಾಡಿದ್ದ ಪತ್ರಿಕೆ ಅದು. ಅದಕ್ಕೊಂದು ಉದ್ದನೆಯ ಸಂಸ್ಕೃತದ ಹೆಸರಿತ್ತು. ಆದರೆ ಸುತ್ತಿನ ಮೂರು ತಾಲ್ಲೂಕಿನವರಿಗೂ ಅದು ಬರೀ ‘ತಿಪಟೂರು ಪೇಪ್ರು’. ಕೊಬ್ಬರಿ ಧಾರಣೆ, ಮಳೆ ಸುದ್ದಿ, ಒಂದು ಧಾರಾವಾಹಿ, ಓದುಗರ ಪತ್ರಗಳು, ಕೊನೆಗೆ ಸಾವಿನ ಪ್ರಕಟಣೆಗಳು. ಕಟ್ಟುಗಳು ಬಸ್ಸಿನ ಮೇಲೆ ಹಳ್ಳಿಗಳಿಗೆ ಹೋಗುತ್ತಿದ್ದವು. ಒಂದೊಂದು ಪ್ರತಿಯೂ ಇಡೀ ಬೀದಿ ಸುತ್ತಿ ಕೊನೆಗೆ ಅಂಗಡಿಯ ಪೊಟ್ಟಣವಾಗುತ್ತಿತ್ತು.

ಹೊನ್ನಮ್ಮನವರು ಮಾತ್ರ ತಮ್ಮ ಪ್ರತಿಯನ್ನು ಯಾರ ಕೈಗೂ ಕೊಡುತ್ತಿರಲಿಲ್ಲ, ಪುಟ ಹರಿದುಕೊಂಡುಬಿಟ್ಟಾರೆಂಬ ಅನುಮಾನ. ಗಂಡ ತೀರಿಕೊಂಡ ಮೇಲೆ ತೋಟವನ್ನು ಒಬ್ಬರೇ ನೋಡಿಕೊಂಡವರು. ನೀಳ ದೇಹ, ದಾರ ಕಟ್ಟಿದ ಕನ್ನಡಕ. ಕೊಬ್ಬರಿ ಕೆಲಸಕ್ಕೆ ಬಂದ ಹೆಂಗಸರಿಗೆ ಜಗಲಿಯ ಮೇಲೆ ಕೂತು ಪತ್ರಿಕೆ ಓದಿ ಹೇಳುತ್ತಿದ್ದರು, ಒಂದು ಸಾಲು ಸುದ್ದಿಗೆ ಎರಡು ಸಾಲು ಶಂಕೆ ಸೇರಿಸಿ.

ಅವರನ್ನು ನಾನು ಮೊದಲು ನೋಡಿದ್ದು ಪ್ರೆಸ್ಸಿಗೆ ಅವರು ಜಗಳಕ್ಕೆ ಬಂದಾಗ. ಆ ಸಲ ‘ತುರುವೇಕೆರೆಯಲ್ಲಿ ಭಾರೀ ಮಳೆ’ ಎಂಬ ಸುದ್ದಿಗೆ ನೆನೆಯುತ್ತಿರುವ ಎತ್ತಿನ ಚಿತ್ರ ಹಾಕಿದ್ದೆವು. ಚಿತ್ರ ಅಚ್ಚೊತ್ತುವ ಬ್ಲಾಕು ಮಾಡಿಸುವುದು ದುಬಾರಿಯಾದ್ದರಿಂದ ಹಳೆಯದನ್ನೇ ಮತ್ತೆ ಬಳಸುವುದು ವಾಡಿಕೆ. ಹೊನ್ನಮ್ಮನವರು ಹಿಂದಿನ ವರ್ಷದ ಸಂಚಿಕೆಯನ್ನೂ ತಂದು ನನ್ನ ಮೇಜಿನ ಮೇಲೆ ಹರಡಿದರು.

“ಈ ಎತ್ತು ಹೋದ ವರ್ಸ ಹುಳಿಯಾರಲ್ಲಿ ನೆನೀತಿತ್ತು. ಈಗ ತುರುವೇಕೆರೇಲಿ ನೆನೀತೈತೆ. ಇದಕ್ಕೆ ಕೊಟ್ಟಿಗೆ ಇಲ್ವೇನಪ್ಪ?”

ಸಂಪಾದಕರು ಒಳಗಿನಿಂದಲೇ ನಕ್ಕರು. ಹೊನ್ನಮ್ಮನವರು ನಗಲಿಲ್ಲ. “ಎತ್ತು ಸುಳ್ಳಾದ್ರೆ ಮಳೇನೂ ಸುಳ್ಳಿರಬೌದು” ಎಂದು ಎದ್ದು ಹೋದರು.

ಇಷ್ಟಾದರೂ ಅವರು ಚಂದಾ ನಿಲ್ಲಿಸಲಿಲ್ಲ. ಓದುಗರ ಪತ್ರಗಳಲ್ಲಿ ಅವರಿಗೊಬ್ಬ ಎದುರಾಳಿಯೂ ಇದ್ದರು: ಹಂದನಕೆರೆಯ ಗಂಗಮ್ಮ. ಧಾರಾವಾಹಿಯ ನಾಯಕಿ ಸರೋಜ ಗಂಡನ ಮನೆಗೆ ವಾಪಸ್ಸು ಹೋಗಬೇಕೆಂದು ಗಂಗಮ್ಮ, ಹೋಗಕೂಡದೆಂದು ಹೊನ್ನಮ್ಮ. ಒಬ್ಬರ ಮುಖ ಒಬ್ಬರು ನೋಡದೆ ವರ್ಷಗಟ್ಟಲೆ ಅಚ್ಚಿನಲ್ಲೇ ಕಿತ್ತಾಡಿದರು. ಇಬ್ಬರ ಪತ್ರವೂ ಇಲ್ಲದ ಸಂಚಿಕೆ ಓದುಗರಿಗೆ ಸಪ್ಪೆ ಎನಿಸುತ್ತಿತ್ತು.

ಒಂದು ಸಂಚಿಕೆಯಲ್ಲಿ ಗಂಗಮ್ಮನವರ ಶ್ರದ್ಧಾಂಜಲಿ ಬಂತು. ಯಾರೋ ಬಂದು ಬರೆದುಕೊಟ್ಟು ಹೋಗಿದ್ದರು, ನಾವು ಹಾಕಿದ್ದೆವು. ಮರುದಿನ ಬೆಳಗಿನ ಬಸ್ಸಿಗೇ ಹೊನ್ನಮ್ಮ ಪ್ರೆಸ್ಸಿನ ಬಾಗಿಲಲ್ಲಿದ್ದರು. ದುಃಖದಿಂದ ಬಂದಿದ್ದಾರೆಂದುಕೊಂಡು ಕುರ್ಚಿ ಕೊಟ್ಟೆ.

“ಕೂರಕ್ಕೆ ಬಂದಿಲ್ಲ. ಇದನ್ನ ಓದು. ‘ದೈವಭಕ್ತೆ, ಮಿತಭಾಷಿ’ ಅಂತೆ! ಗಂಗಮ್ಮ ಮಿತಭಾಷಿನಾ? ಮಕ್ಕಳ ಹೆಸ್ರಿಲ್ಲ, ಅಣ್ತಮ್ಮಂದಿರ ಹೆಸ್ರಿಲ್ಲ, ಬರೀ ‘ಬಂಧುಗಳು’. ತಿಥಿ ಊಟ ಯಾವತ್ತು ಅಂತ ಹಾಕ್ದೆ ಯಾರಾದ್ರೂ ಸಾವು ಹಾಕುಸ್ತಾರಾ? ನೀನೂ ಹೊರಡು, ಹಂದನಕೆರೆಗೆ ಹೋಗಿ ಬರಾನ.”

ಸಂಪಾದಕರು ನನ್ನತ್ತ ನೋಡಿ ‘ಹೋಗಿ ಬಾ, ಪೀಡೆ ಕಳೆಯಲಿ’ ಎಂಬಂತೆ ತಲೆಯಾಡಿಸಿದರು.

ಹಂದನಕೆರೆಯಲ್ಲಿ ನಾವು ಹುಡುಕಿಕೊಂಡು ಹೋದ ಮನೆಯ ಮುಂದೆ ಗುಂಡಗಿನ ಹೆಂಗಸೊಬ್ಬರು ಹಸುವಿಗೆ ಹಿಂಡಿ ಕಲಸುತ್ತಿದ್ದರು. “ಗಂಗಮ್ಮನವರ ಮನೆ ಇದೇನಾ?” ಎಂದೆ. “ನಾನೇ ಕಣಪ್ಪ” ಎಂದರು. ನನಗೆ ಅಷ್ಟೇ ಸಾಕಿತ್ತು. ಹೊನ್ನಮ್ಮನವರಿಗೆ ಮಾತ್ರ ಅದೂ ಸಾಲದು.

“ನೀನೇ ಗಂಗಮ್ಮ ಅಂತ ಏನು ಗ್ಯಾರಂಟಿ? ಸರೋಜ ಗಂಡನ ಮನೆಗೆ ಹೋಗ್ಬೇಕೋ, ಬ್ಯಾಡ್ವೋ? ಅದ ಹೇಳು.”

“ಹೋಗ್ಲೇಬೇಕು! ಅದ ಕೇಳಕ್ಕೆ ನೀನ್ಯಾರು?” ಎಂದು ಹಿಂಡಿಗೈಯಲ್ಲೇ ಆಕೆ ಎದ್ದು ನಿಂತರು.

“ಇವಳೇ ಕಣಪ್ಪ” ಎಂದರು ಹೊನ್ನಮ್ಮ. “ಈ ಮೊಂಡುತನ ಇನ್ಯಾರಿಗೂ ಬರಲ್ಲ.”

ಗಂಗಮ್ಮ ಇನ್ನೂ ಆ ಸಂಚಿಕೆ ನೋಡಿರಲಿಲ್ಲ. ಊರಿಗೆ ಬಂದ ಕಟ್ಟನ್ನು ಅವರ ಮೈದುನನ ಮಗ ಬಸ್ಸಿನಿಂದ ಇಳಿಸಿಕೊಂಡು, ಈ ಸಲ ಪೇಪ್ರು ಬಂದಿಲ್ಲವೆಂದು ಹೇಳಿದ್ದನಂತೆ. ನಾವು ತೋರಿಸಿದಾಗ ತಮ್ಮ ಸಾವನ್ನು ತಾವೇ ಓದಿಕೊಂಡರು. ಮಕ್ಕಳಿಲ್ಲದ ಅವರ ಹೆಸರಿನಲ್ಲಿ ಕೆರೆಯ ಕೆಳಗೆ ತೆಂಗಿನ ತೋಟವಿತ್ತು. ಅದನ್ನು ನೋಡಲು ಹೊರಗಿನವರೊಬ್ಬರು ಎರಡು ಸಲ ಬಂದು ಹೋಗಿದ್ದರು, ಕರೆತಂದವನು ಅದೇ ಹುಡುಗ. ದೊಡ್ಡಮ್ಮ ಇಲ್ಲ, ವಾರಸುದಾರ ತಾನೇ ಎಂದು ತೋರಿಸಲು ಅವನಿಗೆ ಅಚ್ಚಾದ ಒಂದು ಕಾಗದ ಬೇಕಿತ್ತು.

“ಮಗನ ತರ ಸಾಕಿದ್ದೆ ಕಣಕ್ಕ” ಎಂದರು ಗಂಗಮ್ಮ. ಪತ್ರಿಕೆಯನ್ನು ಮಡಿಸಿಟ್ಟು ಜಗಲಿಯ ಕಂಬಕ್ಕೆ ಒರಗಿದರು.

ಹೊನ್ನಮ್ಮ ಪಕ್ಕದಲ್ಲಿ ಕೂತರು. ಸಮಾಧಾನದ ಮಾತು ಅವರಿಗೆ ಬರುತ್ತಿರಲಿಲ್ಲ. “ಇವತ್ತು ಅವನು ತಂದುಕೊಟ್ಟಿದ್ದು ಏನೂ ತಿನ್ಬೇಡ” ಎಂದರು. ಆ ಮಧ್ಯಾಹ್ನವೇ ಊರ ಹಿರಿಯರನ್ನು ಕರೆಸಿ, ಗಂಗಮ್ಮನವರನ್ನು ಎದುರಿಗೆ ಕೂರಿಸಿ, ಪ್ರಕಟಣೆಯನ್ನು ಗಟ್ಟಿಯಾಗಿ ಓದಿದರು. ಹುಡುಗ ಹಿತ್ತಲಿನಿಂದ ಜಾರಿಕೊಂಡ. ಸುದ್ದಿ ಮುಟ್ಟಿದ ಮೇಲೆ ತೋಟ ಕೊಳ್ಳಲು ಬಂದಿದ್ದವರೂ ಮತ್ತೆ ತಲೆ ಹಾಕಲಿಲ್ಲ.

ಉಳಿದದ್ದು ನಮ್ಮ ಸಂಪಾದಕರು. ತಪ್ಪಾಯಿತೆಂದು ಅಚ್ಚು ಹಾಕಿದರೆ ಅಪ್ಪನ ಕಾಲದ ಹೆಸರು ಹೋಗುತ್ತದೆಂದು ಅವರ ಅಂಜಿಕೆ. ಒಳಗಿನ ಪುಟದಲ್ಲಿ ಎರಡು ಸಾಲು ಹಾಕೋಣವೆಂದರು.

“ಸಾಯ್ಸಿದ್ದು ಎಲ್ಲಾದ್ರೂ ಆಗ್ಲಿ, ಬದುಕ್ಸೋದು ಮೊದಲನೇ ಪುಟದಲ್ಲೇ ಆಗ್ಬೇಕು” ಎಂದು ಹೊನ್ನಮ್ಮ ಪ್ರೆಸ್ಸಿನ ಬಾಗಿಲಿಗೆ ಅಡ್ಡಲಾಗಿ ಕೂತರು. ಸಂಪಾದಕರು ಮಣಿದರು. ಗಂಗಮ್ಮನವರ ಹೊಸ ಫೋಟೊ ತೆಗೆಸಿ, ಬ್ಲಾಕು ಮಾಡಿಸಿ, ಮೊದಲ ಪುಟದಲ್ಲೇ ಹಾಕಿದೆವು. ಹೆಸರು ಹೋಗಲಿಲ್ಲ. ಕೊಳ್ಳುವವರಿಗೆ ಪ್ರತಿಗಳು ಸಾಲದೆ ಆ ಸಂಚಿಕೆ ಇನ್ನೊಮ್ಮೆ ಅಚ್ಚಾಗಬೇಕಾಯಿತು.

ಆಮೇಲೂ ಇಬ್ಬರೂ ಪತ್ರಗಳಲ್ಲಿ ಕಿತ್ತಾಡುವುದನ್ನು ಬಿಡಲಿಲ್ಲ. ವ್ಯತ್ಯಾಸವೆಂದರೆ, ಈಗ ಎರಡು ಪತ್ರಗಳೂ ಕೆಲವೊಮ್ಮೆ ಒಂದೇ ಲಕೋಟೆಯಲ್ಲಿ ಬರುತ್ತಿದ್ದವು.

ಎಂಬತ್ತರ ದಶಕದ ಕೊನೆಯಲ್ಲಿ ಸಂಪಾದಕರು ಕಾಯಿಲೆ ಬಿದ್ದರು. ಮಕ್ಕಳಿಗೆ ಆಸಕ್ತಿಯಿರಲಿಲ್ಲ, ಅಚ್ಚಿನ ಮೊಳೆ ಜೋಡಿಸುವವರೂ ಸಿಗುತ್ತಿರಲಿಲ್ಲ. ಪತ್ರಿಕೆ ನಿಲ್ಲುವುದೆಂದು ತೀರ್ಮಾನವಾದ ದಿನ ನಾನು ಹಾಲ್ಕುರಿಕೆಗೆ ಹೋದೆ. ಹೊನ್ನಮ್ಮನವರ ಕಣ್ಣು ಮಂಜಾಗಿತ್ತು. ದನಿಯಿಂದ ಗುರುತು ಹಿಡಿದರು.

“ಏನಕ್ಕೆ ಬಂದೆ? ಸುಮ್ಕೆ ಬರೋನಲ್ಲ ನೀನು.”

“ಇನ್ನು ಪೇಪರ್ ಬರಲ್ಲಮ್ಮ. ನಿಂತುಹೋಯ್ತು.”

ಯಾರು ಹೇಳಿದರು, ಯಾಕೆ, ಇದರ ಹಿಂದೆ ಯಾರಿದ್ದಾರೆ ಎಂದೆಲ್ಲ ಕೇಳುತ್ತಾರೆಂದು ಉತ್ತರಗಳನ್ನು ಸಿದ್ಧಮಾಡಿಕೊಂಡು ಹೋಗಿದ್ದೆ. ಅವರು ಒಂದನ್ನೂ ಕೇಳಲಿಲ್ಲ.

“ಗಂಗಮ್ಮಂಗೆ ಹೇಳಿದ್ಯಾ?”

“ಇಲ್ಲ, ನಾಳೆ ಹೋಗಬೇಕು.”

“ನೀನು ಹೋಗ್ಬೇಡ ಬುಡು. ನಾನೇ ಹೇಳ್ತೀನಿ.”

ಒಳಗೆ ಹೋಗಿ ಸೀರೆ ಬದಲಿಸಿ ಬಂದರು. ಬಸ್ಸಿನವರೆಗೆ ನನ್ನ ತೋಳು ಹಿಡಿದು ನಡೆದರು. ಹತ್ತುವ ಮುನ್ನ ಬೋರ್ಡು ಓದಲಾಗದೆ ಕಂಡಕ್ಟರನನ್ನು, ಆಮೇಲೆ ಡ್ರೈವರನನ್ನು, ಕೊನೆಗೆ ಕಿಟಕಿಯ ಬಳಿ ಕೂತಿದ್ದ ಹೆಂಗಸನ್ನು ಹಂದನಕೆರೆಗೇ ಹೋಗುತ್ತದೆಯೇ ಎಂದು ವಿಚಾರಿಸಿದರು. ಎಲ್ಲರೂ ಹೌದೆಂದ ಮೇಲೆ ಒಳಗೆ ಹೋಗಿ ಕೂತರು.

ನಾನು ಅವರನ್ನು ಕಂಡದ್ದು ಅದೇ ಕೊನೆ.